ಮನೆ ಬಿಟ್ಟರು, ಮಾತು ಬಿಡಲಿಲ್ಲ

ತಮ್ಮಂದಿರೇ, ತಂಗಿಯರೇ, ಬಾಬಾಸಾಹೇಬರ ಫೋಟೋಕ್ಕೆ ಹಾರ ಹಾಕ್ತೀರಿ. ಮನೆಗಾಗಿ ಅವರು ಪಟ್ಟ ಪಾಡು ಗೊತ್ತೇನ್ರಿ?

1917ರಲ್ಲಿ ಅಮೆರಿಕದಲ್ಲಿ ಓದಿ ಬಂದವರಿಗೆ ಬರೋಡಾದಲ್ಲಿ ನೌಕರಿ ಇತ್ತು, ಕೋಣೆ ಸಿಗಲಿಲ್ಲ. ಪಾರ್ಸಿ ಹೆಸರಿಟ್ಟುಕೊಂಡು ಪಾರ್ಸಿ ವಸತಿಗೃಹದಲ್ಲಿ ಉಳಿದರು. ದೊಣ್ಣೆ ಹಿಡಿದವರು ಬಂದು ಖಾಲಿ ಮಾಡಿಸಿದರು.

1942ರಲ್ಲಿ ಅವರೇ ವೈಸ್‌ರಾಯ್ ಮಂಡಳಿಯ ಕಾರ್ಮಿಕ ಸದಸ್ಯರಾದರು. ಸರ್ಕಾರಿ ಕಟ್ಟಡ ಕಟ್ಟುವ ಇಲಾಖೆ ಅವರ ಕೈಗೆ ಬಂತು. ಕುರ್ಚಿ ಸಿಕ್ಕಿತೆಂದು ಸುಮ್ಮನಾಗಲಿಲ್ಲ. ಸರ್ಕಾರಿ ಗುತ್ತಿಗೆಯಲ್ಲಿ ನಮ್ಮವರಿಗೆ ಪಾಲಿಲ್ಲವೆಂದು ವೈಸ್‌ರಾಯರಿಗೇ ಬರೆದುಕೊಟ್ಟರು.

1951ರಲ್ಲಿ ಹಿಂದೂ ಕೋಡ್ ಮಸೂದೆ ನಿಂತಿತು, ಪರಿಶಿಷ್ಟರ ಉಪೇಕ್ಷೆ ನಿಲ್ಲಲಿಲ್ಲ. ಮಂತ್ರಿಗಿರಿ ಬಿಟ್ಟರು, ಸರ್ಕಾರಿ ಬಂಗಲೆಯೂ ಹೋಯ್ತು. ಮುಂದಿನ ಲೋಕಸಭಾ ಚುನಾವಣೆಯಲ್ಲೂ ಸೋತರು. 1956ರ ಡಿಸೆಂಬರ್ 6ರಂದು ದಿಲ್ಲಿಯ ಅಲಿಪುರ ರಸ್ತೆಯ ಮನೆಯಲ್ಲಿ ತೀರಿಕೊಂಡರು.

ನಾಳೆ ಮನೆ ಹಂಚುವ ಸಮಿತಿಯಲ್ಲಿ ನಿಮಗೂ ಕುರ್ಚಿ ಸಿಕ್ಕೀತು. ಬರೇ ಕೂತು ಬರಬ್ಯಾಡ್ರಿ, ಬಾಯಿ ಬಿಟ್ಟು ಕೇಳ್ರಿ.