ಜ್ಞಾನಭಿಕ್ಷು ಹ್ಯೂಯೆನ್‌ತ್ಸಾಂಗನ ದೇಶಾಂತರಯಾತ್ರೆ

ಧನಕ್ಕಾಗಿ ಸ್ವದೇಶವನ್ನು ತೊರೆದವರುಂಟು, ರಾಜ್ಯಕ್ಕಾಗಿ ತೊರೆದವರುಂಟು. ಶಾಸ್ತ್ರದ ನಿಜಾರ್ಥವನ್ನರಿಯಲೆಂದು ಪ್ರಾಣದಾಸೆಯನ್ನೇ ತೊರೆದು ಹೊರಟವರು ವಿರಳ. ಚೀನದೇಶದ ಬೌದ್ಧಯತಿಯಾದ ಹ್ಯೂಯೆನ್‌ತ್ಸಾಂಗನು ಅಂತಹ ವಿರಳರಲ್ಲಿ ಅಗ್ರಗಣ್ಯನು.

ಕ್ರಿ.ಶ. 600ರ ಸುಮಾರಿನಲ್ಲಿ ಜನಿಸಿದ ಆತನು ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡು, ಭಿಕ್ಷುವಾಗಿದ್ದ ಅಣ್ಣನ ಆಶ್ರಯದಲ್ಲಿ ಬೆಳೆದನು. ಹೆಚ್ಚಿನ ವಿದ್ಯೆಗಾಗಿ ಪರಸ್ಥಳಕ್ಕೆ ಹೋಗಲು ಅಣ್ಣನು ವಾತ್ಸಲ್ಯದಿಂದ ತಡೆದಾಗ, ವರ್ತಕರ ಸಂಗಡ ಗುಟ್ಟಾಗಿ ದೋಣಿಯೇರಿ ಹೊರಟನು. ಆದರೆ ಅನೇಕ ಗುರುಗಳಲ್ಲಿ ಓದಿದಷ್ಟೂ ಸಂಶಯಗಳೇ ಬೆಳೆದುವು. ಒಬ್ಬರ ವ್ಯಾಖ್ಯಾನವು ಮತ್ತೊಬ್ಬರದಕ್ಕೆ ಹೊಂದದು, ಭಾಷಾಂತರಗಳೂ ಅಸ್ಪಷ್ಟವಾಗಿದ್ದುವು. ಮೂಲಗ್ರಂಥಗಳನ್ನು ಭರತಖಂಡದಲ್ಲಿಯೇ ಓದಬೇಕೆಂದು ಆತನು ನಿಶ್ಚಯಿಸಿದನು.

ದೇಶದ ಗಡಿಯನ್ನು ದಾಟುವುದಕ್ಕೆ ಆಗ ರಾಜಾಜ್ಞೆಯ ಪ್ರತಿಬಂಧವಿದ್ದಿತು. ಸಂಗಡಿಗರೊಡನೆ ಸಲ್ಲಿಸಿದ ಬಿನ್ನಹವು ತಿರಸ್ಕೃತವಾಯಿತು. ಉಳಿದವರು ಸುಮ್ಮನಾದರು. ಹ್ಯೂಯೆನ್‌ತ್ಸಾಂಗನಾದರೋ ಮುಂದೆ ಬರಬಹುದಾದ ಕಷ್ಟಗಳನ್ನು ಒಂದೊಂದಾಗಿ ಭಾವಿಸಿ, ತನ್ನ ಮನಸ್ಸು ಅವನ್ನು ತಾಳಬಲ್ಲುದೇ ಎಂದು ಪರೀಕ್ಷಿಸಿಕೊಂಡು, 629ರ ಸುಮಾರಿನಲ್ಲಿ ರಾಜಧಾನಿಯಾದ ಚಾಂಗಾನವನ್ನು ಬಿಟ್ಟನು. ಗಡಿನಾಡಿನ ಅಧಿಕಾರಿಯೊಬ್ಬನು ಆತನನ್ನು ಹಿಡಿಯಬೇಕೆಂದು ಬಂದ ಆಜ್ಞಾಪತ್ರವನ್ನು ಆತನೆದುರಿನಲ್ಲಿಯೇ ಹರಿದುಹಾಕಿ ಬೇಗನೆ ಹೊರಡಲು ತಿಳಿಸಿದನು. ದಾರಿತೋರಲು ಬಂದವನು ರಾಜದಂಡನೆಗೆ ಹೆದರಿ ನಡುವೆಯೇ ಹಿಂದಿರುಗಿದನು. ಆ ಯತಿಗೆ ಉಳಿದುದು ಬಡಕಲಾದ ಮುದಿಗುದುರೆಯೊಂದೇ.

ಮರುಭೂಮಿಯ ನಡುವೆ ನೀರಿನ ತೊಗಲುಚೀಲವು ಕೈಜಾರಿ, ನೀರೆಲ್ಲವೂ ಮರಳಿನ ಪಾಲಾಯಿತು. ಧೃತಿಗುಂದಿದ ಹ್ಯೂಯೆನ್‌ತ್ಸಾಂಗನು ಬಂದ ದಾರಿಯಲ್ಲಿಯೇ ಒಂದು ಹರದಾರಿಯಷ್ಟು ಹಿಂದಿರುಗಿ ನಡೆದನು. ಆಗ, ಭರತಖಂಡವನ್ನು ಸೇರದೆ ಮೂಡಣಕ್ಕೆ ಒಂದು ಹೆಜ್ಜೆಯನ್ನೂ ಇಡೆನೆಂದು ತಾನು ಕೈಕೊಂಡ ವ್ರತವು ನೆನಪಿಗೆ ಬಂದಿತು. ಹಿಂದಿರುಗಿ ಬಾಳುವುದಕ್ಕಿಂತ ಮುಂದೆ ಸಾಗಿ ಅಳಿಯುವುದೇ ಲೇಸೆಂದೆಣಿಸಿ, ಕುದುರೆಯ ಮುಖವನ್ನು ವಾಯವ್ಯಕ್ಕೆ ತಿರುಗಿಸಿದನು. ಐದು ಹಗಲು ನಾಲ್ಕು ರಾತ್ರಿ ಗಂಟಲಿಗೆ ಹನಿ ನೀರಿಲ್ಲ. ಕೊನೆಗೆ, ಹಿಂದೆ ಅನೇಕ ಸಲ ಆ ದಾರಿಯನ್ನು ಕಂಡಿದ್ದ ಕುದುರೆಯೇ ಆತನನ್ನು ಹುಲ್ಲೂ ನೀರೂ ಇದ್ದ ತಾಣಕ್ಕೆ ಒಯ್ದಿತು.

ಬಳಿಕ ಹಿಮಪರ್ವತಗಳನ್ನು ದಾಟಿ ಭರತಖಂಡವನ್ನು ಸೇರಿದ ಆತನು ನಾಲಂದದಲ್ಲಿ ವಯೋವೃದ್ಧ ಶೀಲಭದ್ರರ ಶಿಷ್ಯನಾದನು. ಹರ್ಷನ ಮನ್ನಣೆಗೆ ಪಾತ್ರನಾದನು. ಆ ಹರ್ಷನಿಗೂ ಮಣಿಯದ ಚಾಲುಕ್ಯ ಇಮ್ಮಡಿ ಪುಲಕೇಶಿಯ ಪರಾಕ್ರಮವು ಆತನ ಪ್ರವಾಸಗ್ರಂಥದಲ್ಲಿ ವರ್ಣಿತವಾಗಿರುವುದು ಕನ್ನಡಿಗರಿಗೆ ಹೆಮ್ಮೆಯ ವಿಷಯ. 645ರಲ್ಲಿ 657 ಗ್ರಂಥಗಳೊಡನೆ ಆತನು ಸ್ವದೇಶಕ್ಕೆ ಮರಳಿದಾಗ, ಯಾವ ರಾಜನ ಆಜ್ಞೆಯನ್ನು ಮೀರಿ ಹೊರಟಿದ್ದನೋ ಆ ರಾಜನೇ ಆತನನ್ನು ಗೌರವದಿಂದ ಬರಮಾಡಿಕೊಂಡನು. 664ರಲ್ಲಿ ದೇಹವನ್ನು ಬಿಡುವವರೆಗೆ ಆತನು ಎಪ್ಪತ್ತೈದು ಗ್ರಂಥಗಳನ್ನು ಚೀನೀಭಾಷೆಗೆ ತಂದನು.

ಹ್ಯೂಯೆನ್‌ತ್ಸಾಂಗನಿಗೆ ಭಯವೇ ಇರಲಿಲ್ಲವೆಂದಲ್ಲ. ಭಯವು ಆತನನ್ನು ಒಂದು ಹರದಾರಿ ಹಿಂದಕ್ಕೆ ನಡೆಸಿತು. ವ್ರತವು ಮತ್ತೆ ಮುಂದಕ್ಕೆ ತಿರುಗಿಸಿತು. ವಿದ್ಯೆಗಾಗಿ ಮನೆಯ ಹೊಸ್ತಿಲನ್ನು ದಾಟುವ ಎಳೆಯರು ಕಣ್ಣೀರಿನೊಡನೆ ಒಮ್ಮೆ ಹಿಂದಿರುಗಿ ನೋಡಿದರೆ ಅದು ಅಧೈರ್ಯವಲ್ಲ. ನೋಡಿದ ಮೇಲೆ ಮುಂದಿಡುವ ಹೆಜ್ಜೆಯೇ ಧೈರ್ಯವು.