ಹಸುಗೂಸುಗಳ ಬಂಧು ಮಾರ್ಟಿನ್ ಕೂನಿ

ನನ್ನ ತಂಗಿ ಏಳನೆಯ ತಿಂಗಳಿನಲ್ಲಿಯೇ ಹುಟ್ಟಿದವಳು. ಆಗ ನನಗೆ ಒಂಬತ್ತು ವರ್ಷ. ಆಸ್ಪತ್ರೆಯ ಒಳಕೋಣೆಯಲ್ಲಿ, ಗಾಜಿನ ಪೆಟ್ಟಿಗೆಯೊಳಗೆ ಮಲಗಿದ್ದ ಆ ಕೂಸನ್ನು ನಾನು ಬಾಗಿಲಾಚೆಯಿಂದ ನೋಡಿದೆ. ದಿನ ತುಂಬದ ಕೂಸು, ಬದುಕಿದರೂ ಏನು ಸುಖ, ಅದಕ್ಕೆ ಸುಮ್ಮನೆ ಹಿಂಸೆಯೇಕೆ ಎಂದು ನೆಂಟರಲ್ಲಿ ಕೆಲವರು ಅಪ್ಪನಿಗೆ ಬುದ್ಧಿ ಹೇಳಿದರು. ಅಪ್ಪ ಉತ್ತರ ಕೊಡಲಿಲ್ಲ. ಆ ಮಾತು ಸರಿಯೋ ತಪ್ಪೋ ಎಂಬ ಪ್ರಶ್ನೆ ಮಾತ್ರ ನನ್ನಲ್ಲಿ ಉಳಿದುಹೋಯಿತು. ಕಾಲೇಜಿಗೆ ಬಂದ ಮೇಲೆ, ಈ ಪ್ರಶ್ನೆಯನ್ನೇ ಬಾಳುವೆಯಾಗಿ ಮಾಡಿಕೊಂಡ ಒಬ್ಬ ವಿಚಿತ್ರ ಪುರುಷನ ಕಥೆಯನ್ನು ಓದಿದೆನು. ಅದನ್ನು ಸಹಪಾಠಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಮಾರ್ಟಿನ್ ಕೂನಿ 1869ರಲ್ಲಿ, ಅಂದು ಪ್ರಷ್ಯಕ್ಕೆ ಸೇರಿದ್ದು ಇಂದು ಪೋಲೆಂಡಿನಲ್ಲಿರುವ ಕ್ರೊಟೊಶಿನ್ ಎಂಬ ಊರಿನ ಯೆಹೂದಿ ಕುಟುಂಬದಲ್ಲಿ ಜನಿಸಿದನು. ಆತನ ಹುಟ್ಟುಹೆಸರು ಮೈಕೇಲ್ ಕೋನ್. 1888ರಲ್ಲಿ, ಇನ್ನೂ ಹದಿಹರೆಯದಲ್ಲಿಯೇ, ಅಮೆರಿಕಾಕ್ಕೆ ವಲಸೆ ಹೋದನು.

ದಿನ ತುಂಬದೆ ಹುಟ್ಟಿದ ಕೂಸು ಉಳಿಯುವುದೇ ಅಪರೂಪವಾಗಿದ್ದ ಕಾಲವದು. ಪ್ಯಾರಿಸ್ಸಿನ ಹೆರಿಗೆ ವೈದ್ಯ ಸ್ಟೆಫಾನ್ ಟಾರ್ನಿಯೇ ಎಂಬಾತನು ಕೋಳಿಮೊಟ್ಟೆಗೆ ಕಾವು ಕೊಡುವ ಪೆಟ್ಟಿಗೆಯನ್ನು ಕಂಡು, ಇದೇ ಬಗೆಯ ಬಿಸುಪು ಶಿಶುವನ್ನೇಕೆ ಕಾಯಬಾರದೆಂದು ಯೋಚಿಸಿದನು. 1880ರ ಸುಮಾರಿಗೆ ಆತನ ಆಸ್ಪತ್ರೆಗೆ ಕಾವುಪೆಟ್ಟಿಗೆಗಳು ಬಂದುವು. 2000 ಗ್ರಾಮಿಗಿಂತ ಕಡಿಮೆ ತೂಕದ ಶಿಶುಗಳಲ್ಲಿ ನೂರಕ್ಕೆ 66 ಇದ್ದ ಸಾವು 38ಕ್ಕೆ ಇಳಿಯಿತು. ಆದರೂ ಇದಕ್ಕೆ ತಗಲುವ ವೆಚ್ಚವನ್ನು ಹೊರಲು ಬಹುಪಾಲು ಆಸ್ಪತ್ರೆಗಳು ಮುಂದೆ ಬರಲಿಲ್ಲ.

ಕೂನಿಯು ಇದಕ್ಕೆ ಕಂಡುಕೊಂಡ ದಾರಿ ಯಾರೂ ಊಹಿಸದಂಥದು. 1897ರಲ್ಲಿ ಲಂಡನ್ನಿನಲ್ಲಿ, 1898ರಲ್ಲಿ ಅಮೆರಿಕಾದ ಓಮಾಹಾದಲ್ಲಿ, 1901ರಲ್ಲಿ ಬಫೆಲೋದಲ್ಲಿ ನಡೆದ ವಸ್ತುಪ್ರದರ್ಶನಗಳಲ್ಲಿ, ಕಾವುಪೆಟ್ಟಿಗೆಯೊಳಗೆ ಜೀವಂತ ಶಿಶುಗಳನ್ನಿರಿಸಿ, ನೋಡಬಂದವರಿಂದ ಹಣ ಪಡೆದನು. 1903ರಲ್ಲಿ ನ್ಯೂಯಾರ್ಕಿನ ಕಡಲ ತೀರದ ಕೋನಿ ಐಲೆಂಡಿನಲ್ಲಿ ನೆಲೆಯೂರಿದನು. ಅದೊಂದು ನಿತ್ಯ ಜಾತ್ರೆಯ ಸ್ಥಳ. ಒಂದು ಕಡೆ ತಿರುಗುವ ತೊಟ್ಟಿಲುಗಳ ಗದ್ದಲ, ಇನ್ನೊಂದು ಕಡೆ ಮೋಡಿಯಾಟ. ನಡುವೆ ಈ ಶಿಶುಗಳ ಮನೆ! ಆದರೆ ಒಳಗಿನ ಶಿಸ್ತೇ ಬೇರೆ. ನುರಿತ ದಾದಿಯರು, ಎದೆಹಾಲು ಕೊಡುವ ತಾಯಂದಿರು, ಕಟ್ಟುನಿಟ್ಟಾದ ಶುಚಿತ್ವ. ಪ್ರೇಕ್ಷಕರ ಹಣವೇ ಎಲ್ಲ ಖರ್ಚನ್ನೂ ಭರಿಸುತ್ತಿದ್ದಿತು. ತಂದೆತಾಯಿಗಳಿಂದ ಕೂನಿಯು ಕಾಸನ್ನೂ ಮುಟ್ಟಲಿಲ್ಲ. ಬಿಳಿಯರ ಕೂಸು, ಕರಿಯರ ಕೂಸು ಎಂಬ ಭೇದವೂ ಅಲ್ಲಿರಲಿಲ್ಲ. 1907ರಲ್ಲಿ ಆತನ ಸ್ವಂತ ಮಗಳು ಹಿಲ್ಡಗಾರ್ಡ್ ದಿನ ತುಂಬದೆ ಹುಟ್ಟಿದಾಗ ಅವಳೂ ಕಾವುಪೆಟ್ಟಿಗೆಯಲ್ಲೇ ಬೆಳೆದಳು; ಮುಂದೆ ದಾದಿಯಾಗಿ ತಂದೆಯ ಕೈಕೆಳಗೆ ದುಡಿದಳು. 1911ರ ಮೇ ತಿಂಗಳಲ್ಲಿ ಡ್ರೀಮ್‌ಲ್ಯಾಂಡ್ ಉದ್ಯಾನ ಬೆಂಕಿಗೆ ಆಹುತಿಯಾದ ರಾತ್ರಿ, ಅಲ್ಲಿದ್ದ ಶಿಶುಗಳನ್ನೆಲ್ಲ ಸುರಕ್ಷಿತವಾಗಿ ಹೊರಗೆ ಸಾಗಿಸಿದರು.

ಹಸುಗೂಸುಗಳನ್ನು ದುಡ್ಡಿಗೆ ತೋರಿಸುವುದು ಧರ್ಮವೇ? ಮಕ್ಕಳ ಹಿತರಕ್ಷಣೆಯ ಸಂಘದವರು ಆಗಲೇ ಆಕ್ಷೇಪಿಸಿದರು. ಇನ್ನೊಂದು ಆಕ್ಷೇಪವೂ ಉಂಟು. ಡಾಕ್ಟರ್ ಎಂದೇ ಕರೆಯಿಸಿಕೊಳ್ಳುತ್ತಿದ್ದ ಈತನು ವೈದ್ಯ ಪದವಿ ಪಡೆದುದಕ್ಕೆ ಆಧಾರ ಸಂಶೋಧಕರಿಗೆ ದೊರೆತಿಲ್ಲ. ಈ ಸುಳ್ಳನ್ನು ನಾನು ಮರೆಮಾಚಲಾರೆ. ಆದರೆ ತಕ್ಕಡಿಯ ಇನ್ನೊಂದು ತಟ್ಟೆಯನ್ನೂ ನೋಡಬೇಕು. 1915ರಲ್ಲಿ ಶಿಕಾಗೋದ ಹ್ಯಾರಿ ಹೈಸೆಲ್ಡನ್ ಎಂಬ ಶಸ್ತ್ರವೈದ್ಯನು, ಅಂಗವೈಕಲ್ಯದೊಡನೆ ಹುಟ್ಟಿದ ಶಿಶುವಿಗೆ ಶಸ್ತ್ರಚಿಕಿತ್ಸೆ ಮಾಡದೆ ಸಾಯಗೊಟ್ಟನು, ಅದನ್ನು ಬಹಿರಂಗವಾಗಿ ಸಮರ್ಥಿಸಿದನು, ಮೆಚ್ಚಿದವರೂ ಇದ್ದರು. ದುರ್ಬಲರು ಅಳಿದರೆ ಜನಾಂಗಕ್ಕೆ ಲೇಸೆಂಬ ವಾದ ಹಬ್ಬಿದ್ದ ದಿನಗಳವು. ಪದವಿಯುಳ್ಳವನು ಕೈಬಿಟ್ಟನು, ಪದವಿಯಿಲ್ಲದವನು ಕೈಹಿಡಿದನು.

1922ರಲ್ಲಿ ಶಿಶುವೈದ್ಯ ಜೂಲಿಯಸ್ ಹೆಸ್ ಇಂತಹ ಶಿಶುಗಳ ಆರೈಕೆಯ ಬಗೆಗೆ ಗ್ರಂಥ ಪ್ರಕಟಿಸಿದನು. ಈತನು ಕೂನಿಯ ಸ್ನೇಹಿತನೂ ಹೌದು. ಇವರಿಬ್ಬರೂ 1933 ಮತ್ತು 1934ರಲ್ಲಿ ಶಿಕಾಗೋ ಪ್ರದರ್ಶನದಲ್ಲಿ ಜೊತೆಗೂಡಿದರು. ಮೊದಲ ವರ್ಷ ಆರೈಕೆ ಪಡೆದ 58 ಶಿಶುಗಳಲ್ಲಿ 41 ಮಕ್ಕಳು, ಮರುವರ್ಷ ಏರ್ಪಟ್ಟ ಸಮಾರಂಭಕ್ಕೆ ತಾಯಂದಿರೊಡನೆ ಬಂದರು. ತಾನು ಆರೈಕೆ ಮಾಡಿದ ಸುಮಾರು 8000 ಶಿಶುಗಳಲ್ಲಿ 6500 ಉಳಿದುವೆಂಬುದು ಕೂನಿಯ ಲೆಕ್ಕ. 1939–40ರ ನ್ಯೂಯಾರ್ಕ್ ಮೇಳದಲ್ಲಿ ಆತನು ಬಹಳ ನಷ್ಟ ಅನುಭವಿಸಿದನು. 1943ರಲ್ಲಿ ಕೋನಿ ಐಲೆಂಡಿನ ಬಾಗಿಲು ಮುಚ್ಚಿತು. ಆ ವೇಳೆಗೆ ಇಂತಹ ಶಿಶುಗಳಿಗಾಗಿಯೇ ಆಸ್ಪತ್ರೆಗಳಲ್ಲಿ ವಿಭಾಗಗಳು ತೆರೆಯತೊಡಗಿದ್ದುವು. 1950ರ ಮಾರ್ಚ್ 1ರಂದು, ಎಂಬತ್ತು ವರ್ಷದ ಕೂನಿಯು ಹೆಚ್ಚಿನ ಸಂಪತ್ತೇನೂ ಇಲ್ಲದೆ ತೀರಿಕೊಂಡನು.

ಕಾವುಪೆಟ್ಟಿಗೆಯ ಜಾತ್ರೆ ಮುಗಿದರೂ ಪ್ರಶ್ನೆ ಮುಗಿಯಲಿಲ್ಲ. ಉಸಿರಿಗಾಗಿ ಧಾರಾಳವಾಗಿ ಕೊಟ್ಟ ಆಮ್ಲಜನಕವೇ ಎಷ್ಟೋ ಶಿಶುಗಳ ಕಣ್ಣು ಕಳೆಯಿತೆಂಬುದು 1950ರ ದಶಕದಲ್ಲಿ ಖಚಿತವಾಯಿತು. ಇಂದು 22–23 ವಾರಗಳಿಗೇ ಹುಟ್ಟಿದ ಶಿಶುಗಳೂ ಕೆಲವೆಡೆ ಬದುಕುತ್ತವೆ. ಎಲ್ಲವೂ ಬದುಕುವುದಿಲ್ಲ, ಬದುಕಿದುವೆಲ್ಲ ನಿರೋಗಿಗಳಾಗಿರುವುದಿಲ್ಲ. ಯಂತ್ರವನ್ನು ಹಚ್ಚಬೇಕೆ, ಎಷ್ಟು ದಿನ, ಯಾವಾಗ ನಿಲ್ಲಿಸಬೇಕು ಎಂಬುದನ್ನು ವೈದ್ಯರೂ ಹೆತ್ತವರೂ ಒಟ್ಟಿಗೆ ಕುಳಿತು, ಕಣ್ಣೀರಿನ ನಡುವೆ ನಿರ್ಧರಿಸಬೇಕಾಗುತ್ತದೆ. ನಿಲ್ಲಿಸುವುದೇ ಕರುಣೆಯಾಗುವ ಸಂದರ್ಭಗಳೂ ಇರಬಹುದೆಂದು ಈಗ ನಾನು ಬಲ್ಲೆನು. ಅಂದು ಬುದ್ಧಿ ಹೇಳಿದ ನೆಂಟರನ್ನು ನಿರ್ದಯರೆಂದು ಜರೆಯಲಾರೆ. ಆದರೆ ಕೂಸಿನ ಸ್ಥಿತಿಯನ್ನು ನೋಡಿ ತೀರ್ಮಾನಿಸುವುದು ಬೇರೆ, ದಿನ ತುಂಬಿಲ್ಲವೆಂಬ ಹೆಸರು ಕೇಳಿಯೇ ಕೈಚೆಲ್ಲುವುದು ಬೇರೆ. ಕೂನಿಯು ಜನರನ್ನು ಗಾಜಿನ ಮುಂದೆ ನಿಲ್ಲಿಸಿ ಮೊದಲು ನೋಡುವಂತೆ ಮಾಡಿದನು. ಆತನಿಂದ ನಾನು ಕಲಿತದ್ದು ಇಷ್ಟು.

ನನ್ನ ತಂಗಿ ಈಗ ಹೈಸ್ಕೂಲಿನಲ್ಲಿ ಓದುತ್ತಿದ್ದಾಳೆ. ಕನ್ನಡಕವಿಲ್ಲದೆ ಅವಳಿಗೆ ಕರಿಹಲಗೆಯ ಅಕ್ಷರ ಕಾಣುವುದಿಲ್ಲ. ಈ ಲೇಖನದ ಕರಡನ್ನು ಮೊದಲು ಓದಿ, ಎರಡು ಕಾಗುಣಿತದ ತಪ್ಪುಗಳನ್ನು ತಿದ್ದಿಕೊಟ್ಟವಳು ಅವಳೇ.