ಲೋಹವೂ ಗಾಜಾಗುತ್ತದಾ? ಹೌದು, ಆದರೆ ಬಿಸಿ ತಾಗಬಾರದು! ಪೋಲ್ ಡುವೆ ಕಥೆ

ಮಧುಗಿರಿ, ಪಾವಗಡ ಕಡೆಯ ಗ್ರಾನೈಟ್ ಬಂಡೆಯನ್ನು ಹತ್ತಿರದಿಂದ ನೋಡಿದ್ದೀರಾ? ಬಿಳಿ, ಗುಲಾಬಿ, ಕಪ್ಪು ಹರಳುಗಳು ಬರಿಗಣ್ಣಿಗೇ ಕಾಣುತ್ತವೆ. ಸುಮಾರು 250 ಕೋಟಿ ವರ್ಷಗಳ ಹಿಂದೆ ನೆಲದಾಳದ ಶಿಲಾರಸ ತೀರಾ ನಿಧಾನವಾಗಿ ಆರಿತು. ಪರಮಾಣುಗಳಿಗೆ ಸಾಲಾಗಿ ಕೂರಲು ಬೇಕಾದಷ್ಟು ಸಮಯ ಸಿಕ್ಕಿತು. ಲೋಹಗಳೂ ಹಾಗೆಯೇ. ಮನೆಯ ತಾಮ್ರದ ಚೊಂಬಿನೊಳಗೂ ಸಣ್ಣ ಸಣ್ಣ ಹರಳುಗಳೇ ತುಂಬಿವೆ.

ಆರಲು ಸಮಯವನ್ನೇ ಕೊಡದಿದ್ದರೆ? ಇದನ್ನು ಮಾಡಿ ನೋಡಿದವರು ಪೋಲ್ ಡುವೆ. 1907ರಲ್ಲಿ ಬೆಲ್ಜಿಯಂನ ಮಾನ್ಸ್‌ನಲ್ಲಿ ಹುಟ್ಟಿದ ಇವರು ಲೋಹಶಾಸ್ತ್ರ ಓದಿದರು, ಚೆಲ್ಲೋ ವಾದ್ಯವನ್ನೂ ಚೆನ್ನಾಗಿ ನುಡಿಸುತ್ತಿದ್ದರು. ಎರಡನೇ ಮಹಾಯುದ್ಧದ ಹೊತ್ತಿಗೆ ದೇಶ ಬಿಟ್ಟು ಅಮೆರಿಕದ ಕ್ಯಾಲ್ಟೆಕ್ ಸೇರಿ, ಅಲ್ಲೇ ಪ್ರಾಧ್ಯಾಪಕರಾದರು.

ಬೆಳ್ಳಿ ಮತ್ತು ತಾಮ್ರ ಗಟ್ಟಿಯಾಗುವಾಗ ಯಾಕೆ ಬೇರೆಯಾಗುತ್ತವೆ ಎಂಬುದು ಅವರ ಮೂಲ ಪ್ರಶ್ನೆ. ಅದಕ್ಕಾಗಿ ಕರಗಿದ ಲೋಹದ ಹನಿಯನ್ನು ಅನಿಲದ ಹೊಡೆತದಿಂದ ತಣ್ಣನೆಯ ತಾಮ್ರದ ಮೇಲೆ ಚಿಮ್ಮಿಸುವ ಉಪಕರಣ ಮಾಡಿದರು. ಸೆಕೆಂಡಿಗೆ ಸುಮಾರು ಹತ್ತು ಲಕ್ಷ ಡಿಗ್ರಿ ವೇಗದಲ್ಲಿ ಅದು ತಣ್ಣಗಾಗುತ್ತಿತ್ತು! ಹುಡುಕಿದ್ದು ಒಂದು, ಸಿಕ್ಕಿದ್ದು ಇನ್ನೊಂದು. ಚಿನ್ನ ಮತ್ತು ಸಿಲಿಕಾನ್ ಮಿಶ್ರಣದ ಚೂರಿನಲ್ಲಿ ಹರಳೇ ಇರಲಿಲ್ಲ. 1960ರಲ್ಲಿ ಕ್ಲೆಮೆಂಟ್, ವಿಲೆನ್ಸ್ ಜೊತೆ ಇದನ್ನು ಪ್ರಕಟಿಸಿದರು. ಅದೇ ಮೊದಲ ಲೋಹದ ಗಾಜು. ಗಾಜು ಎಂದರೆ ಕಿಟಕಿಯಂತೆ ಆಚೆ ಕಾಣುತ್ತದೆ ಎಂದುಕೊಳ್ಳಬೇಡಿ, ನೋಡಲು ಹೊಳೆಯುವ ಲೋಹವೇ.

ಆದರೆ ಆ ಚೂರು ಬಾಳಲಿಲ್ಲ. ಕೋಣೆಯ ಬಿಸಿಯಲ್ಲೇ ಒಂದು ದಿನದೊಳಗೆ ಅದರ ರಚನೆ ಬದಲಾಯಿತು. ಅವಸರದಲ್ಲಿ ಸಿಕ್ಕಿಬಿದ್ದ ಪರಮಾಣುಗಳಿಗೆ ಸ್ವಲ್ಪ ಬಿಸಿ ಸಿಕ್ಕರೂ ಸಾಕು, ಸರಿದು ಸರಿದು ಸಾಲಾಗಿಬಿಡುತ್ತವೆ.

ಡುವೆ 1984ರಲ್ಲಿ ತೀರಿಕೊಂಡರು. ಮೆಗ್ನೀಸಿಯಂ ಗಾಜು ದಪ್ಪ ಸರಳಾಗಿ ಬಂದದ್ದು ಆಮೇಲೆ. 1991ರಲ್ಲಿ ಜಪಾನಿನ ತೊಹೊಕು ವಿಶ್ವವಿದ್ಯಾಲಯದವರು ಮೆಗ್ನೀಸಿಯಂಗೆ ತಾಮ್ರ, ಯಿಟ್ರಿಯಂ ಬೆರೆಸಿ 4 ಮಿಲಿಮೀಟರ್ ದಪ್ಪದ ಗಾಜು ಎರಕ ಹೊಯ್ದರು. ಅದನ್ನು ಕಾಯಿಸಿದರೆ ಸುಮಾರು 150 ಡಿಗ್ರಿಗೆ ಮೆತ್ತಗಾಗುತ್ತದೆ. 210ರ ಆಸುಪಾಸಿನಲ್ಲಿ, ಕರಗುವ ಮೊದಲೇ, ಶಾಖ ಬಿಟ್ಟುಕೊಡುತ್ತಾ ಹರಳುಗಟ್ಟುತ್ತದೆ. ಮತ್ತೆ ತಣ್ಣಗೆ ಮಾಡಿದರೂ ಗಾಜು ವಾಪಸ್ ಬರುವುದಿಲ್ಲ, ಮತ್ತೆ ಕರಗಿಸಿಯೇ ಹೊಯ್ಯಬೇಕು.

ಇದರಿಂದ ನಮಗೇನು ಅಂತೀರಾ? ಮುರಿದ ಮೂಳೆಗೆ ಹಾಕಿದ ಸ್ಟೀಲ್ ಸ್ಕ್ರೂ ತೆಗೆಯಲು ಎಷ್ಟೋ ಜನರಿಗೆ ಎರಡನೇ ಆಪರೇಷನ್ ಬೇಕಾಗುತ್ತದೆ. ಮೆಗ್ನೀಸಿಯಂ ಮೈಯಲ್ಲೇ ಕರಗುತ್ತದೆ, ಆದರೆ ಕರಗುವಾಗ ಹೈಡ್ರೋಜನ್ ಗುಳ್ಳೆ ಏಳುತ್ತದೆ. 2009ರಲ್ಲಿ ಜ್ಯೂರಿಕ್‌ನ ಸಂಶೋಧಕರು ಸತು ಹೆಚ್ಚಿರುವ ಮೆಗ್ನೀಸಿಯಂ ಗಾಜನ್ನು ಪ್ರಾಣಿಗಳಲ್ಲಿಟ್ಟು ನೋಡಿದಾಗ ಆ ಗುಳ್ಳೆ ಬಹಳ ಕಡಿಮೆಯಾಗಿತ್ತು. ಅಷ್ಟು ಸತು ಹಿಡಿದಿಟ್ಟುಕೊಳ್ಳುವುದು ಗಾಜಿಗೆ ಮಾತ್ರ ಸಾಧ್ಯ. ತಯಾರಿಸುವಾಗ ಬಿಸಿ ಹೆಚ್ಚಾಗಿ ಹರಳುಗಟ್ಟಿತೋ, ಸತು ಬೇರೆ ಹರಳಾಗಿ ಕೂತುಬಿಡುತ್ತದೆ.